ಉಡಿಯಲ್ಲಿ ದಾಟಿದ ತೊಗರಿ

ಆಳಂದದ ದಾಲ್‌ಮಿಲ್ಲುಗಳ ಓಣಿಯಲ್ಲಿ ಚಂದಮ್ಮನಿಗಿಂತ ಚಂದಮ್ಮನ ಬಲಗೈಗೆ ಹೆಚ್ಚು ಹೆಸರಿತ್ತು. ತೊಗರಿಯ ಚೀಲದೊಳಗೆ ಮೊಣಕೈತನಕ ಕೈ ಇಳಿಸಿ, ಕಣ್ಣು ಮುಚ್ಚಿ, ನಾಲ್ಕು ಉಸಿರಿನಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಿದ್ದಳು. "ತಣ್ಣಗದ, ಇಡ್ರಿ" ಎಂದರೆ ಆ ಚೀಲ ಮುಂದಿನ ಸುಗ್ಗಿಯವರೆಗೂ ಕೆಡುತ್ತಿರಲಿಲ್ಲ. "ಒಳಗ ಬೆಚ್ಚಗದ" ಎಂದರೆ ಮುಗಿಯಿತು, ಮೇಲೆ ಎಷ್ಟೇ ಥಳಥಳ ಹೊಳೆಯಲಿ, ಹೊಟ್ಟೆಯಲ್ಲಿ ಹುಳು ಇದ್ದೇ ಇರುತ್ತಿತ್ತು. ಹುಳು ಮೇಯುವ ಕಡೆ ಕಾಳು ಬಿಸಿಯಾಗುತ್ತದೆ. ಇಪ್ಪತ್ತೆರಡು ವರ್ಷ ಗೋದಾಮಿನಲ್ಲಿ ಕೂತು ಕಾಳು ಹಸನು ಮಾಡಿದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೆಸರು ಬಂದ ಕೈಗೆ ಸೊಕ್ಕೂ ಬರುತ್ತದೆ. ನಿಮ್ಮನ್ನೂ ನನ್ನನ್ನೂ ಬಿಟ್ಟಿಲ್ಲ, ಚಂದಮ್ಮನನ್ನು ಬಿಟ್ಟೀತೇ? ಹಾಗೆಂದು ಅವಳು ಜಂಬದ ಹೆಂಗಸಲ್ಲ. ಗಂಡ ಜಗದೇವ ಹಮಾಲಿ ಮಾಡಿ ಸೊಂಟ ಹಿಡಿಸಿಕೊಂಡು ಮನೆಯಲ್ಲಿ ಕೂತಿದ್ದ. ಇದ್ದ ಒಬ್ಬಳೇ ಮಗಳು ಭಾಗ್ಯಜ್ಯೋತಿಯನ್ನು ಜೇವರ್ಗಿ ಕಡೆಯ ಇಜೇರಿಗೆ ಕೊಟ್ಟಿದ್ದರು. ನಾಲ್ಕು ವರ್ಷ ಆ ಹುಡುಗಿಯ ಮಡಿಲು ತುಂಬಿರಲಿಲ್ಲ. ಅತ್ತೆ ಬಾಯಿಬಿಟ್ಟು ಏನೂ ಅನ್ನದಿದ್ದರೂ ಊರು ಅಂದಿತ್ತು. ಕಡೆಗೆ ದೇವರು ಕಣ್ಣು ತೆರೆದ. ಬಾಣಂತನಕ್ಕೆ ಬಂದ ಮಗಳು ಈಗ ಐದು ತಿಂಗಳ ಹೆಣ್ಣುಕೂಸಿನ ಜೊತೆ ತವರಿನಲ್ಲಿದ್ದಳು, ಅಮವಾಸ್ಯೆ ಕಳೆದ ಮೇಲೆ ಗಂಡನ ಮನೆಗೆ ಹೊರಡುವವಳಿದ್ದಳು.

ಆ ವರ್ಷವೇ ಹೊಸ ಹುಳು ಬಂತು. ಸಮುದ್ರದಾಚೆಯ ಯಾವುದೋ ದೇಶದ ತೊಗರಿಯ ಜೊತೆ ಹಡಗು ಹತ್ತಿ ಬಂದಿದೆ ಎಂದು ಅಧಿಕಾರಿಗಳು ಹೇಳಿದರು. ಅವರು ಹೇಳಿದ ಉದ್ದನೆಯ ಹೆಸರು ನಮ್ಮವರ ನಾಲಿಗೆಗೆ ಹತ್ತಲಿಲ್ಲ. "ಪರದೇಶಿ ಹುಳ" ಎಂದು ಕರೆದು ಬಿಟ್ಟರು. ಊರ ಹುಳು ಕಾಳನ್ನು ಹೊರಗಿನಿಂದ ಕೊರೆಯುತ್ತದೆ, ಕಣ್ಣಿಗೆ ಬೀಳುತ್ತದೆ. ಇದು ಕಾಳಿನ ಒಳಗೇ ಹುಟ್ಟಿ, ಒಳಗೇ ತಿಂದು, ಮೂರು ವಾರ ಸುಳಿವೇ ಕೊಡದೆ ಇದ್ದು, ಒಂದು ದಿನ ಸಿಪ್ಪೆ ತೂತು ಮಾಡಿಕೊಂಡು ರೆಕ್ಕೆ ಸಮೇತ ಹೊರಗೆ ಬರುತ್ತದೆ. ಬಂದದ್ದು ಹೊಲಕ್ಕೆ ಹಾರಿ ಹಸಿ ಕಾಯಿಯ ಮೇಲೆ ಮೊಟ್ಟೆ ಇಡುತ್ತದೆ. ಆ ಕಾಯಿ ಮತ್ತೆ ಮನೆಗೆ ಬರುತ್ತದೆ.

ರಾಜ್ಯದ ಗಡಿ ರಸ್ತೆಯಲ್ಲಿ ಕೃಷಿ ಇಲಾಖೆಯವರು ನಾಕಾ ಹಾಕಿದರು. ಎರಡು ಡಾಂಬರಿನ ಡ್ರಮ್ಮು, ಅಡ್ಡಕ್ಕೊಂದು ಬಿದಿರಿನ ಗಳ, ಒಂದು ತಗಡಿನ ಶೆಡ್ಡು. ಕಾಗದವಿಲ್ಲದೆ ತೊಗರಿ, ಬೀಜ, ಒಣಗಿದ ತೊಗರಿ ಕಟ್ಟಿಗೆ, ಹಳೆಯ ಗೋಣಿಚೀಲ, ಯಾವುದೂ ಗಡಿ ದಾಟಿ ಒಳಗೆ ಬರುವಂತಿಲ್ಲ. ಸಿಕ್ಕಿದ್ದನ್ನು ಅಂದೇ ಸಂಜೆ ಗುಂಡಿಯಲ್ಲಿ ಹಾಕಿ ಸುಡುವುದು. ಗಂಡಸರ ಚೀಲ ನೋಡಲು ಗಂಡಸರಿದ್ದರು, ಹೆಂಗಸರ ಗಂಟು ಮುಟ್ಟುವವರು ಯಾರು? ನಾಕಾದ ಉಸ್ತುವಾರಿಯಾಗಿದ್ದ ವಿಶ್ವಾರಾಧ್ಯ ಎಂಬ ಕೃಷಿ ಅಧಿಕಾರಿ ದಾಲ್‌ಮಿಲ್ಲಿನ ಓಣಿಗೆ ಬಂದು ವಿಚಾರಿಸಿದರು. ಎಲ್ಲರೂ ಒಂದೇ ಹೆಸರು ಹೇಳಿದರು.

ಚಂದಮ್ಮ ಕೆಲಸಕ್ಕೆ ಸೇರಿದ ಮೂರನೆಯ ದಿನ ವಿಶ್ವಾರಾಧ್ಯರು ನಾಕಾದವರನ್ನೆಲ್ಲ ಜೀಪಿನಲ್ಲಿ ಗಡಿಯಾಚೆಯ ಒಂದು ಊರಿಗೆ ಕರೆದೊಯ್ದರು. ಆ ಊರಿಗೆ ಸೀಲ್ ಬಿದ್ದಿತ್ತು. ಮನೆಮನೆಯ ಬೀಜವನ್ನು ಅಂಗಳಕ್ಕೆ ತಂದು ಸುಟ್ಟಿದ್ದರು. ಒಂದು ವರ್ಷ ಅಲ್ಲಿಂದ ಒಂದು ಕಾಳೂ ಹೊರಗೆ ಹೋಗುವಂತಿರಲಿಲ್ಲ. ಇನ್ನೂ ಸುಡದೆ ಉಳಿದಿದ್ದ ಒಂದು ಕಣಜದೊಳಗೆ ಚಂದಮ್ಮ ಅಭ್ಯಾಸಬಲದಿಂದ ಕೈ ಇಳಿಸಿದಳು. ಕೈಗೆ ಕಾಳು ಸಿಗಲಿಲ್ಲ. ಬರೀ ಸಿಪ್ಪೆ, ಹಿಟ್ಟು, ಅದರ ನಡುವೆ ಏನೋ ಹರಿದಾಡುವುದು. ಕೈ ಹೊರಗೆಳೆದವಳು ಜೀಪು ಹತ್ತುವತನಕ ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದಳು. ಬೂದಿಯ ಗುಡ್ಡೆಯ ಮುಂದೆ ಒಬ್ಬ ಮುದುಕ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ಯಾರು ಬಂದರು, ಯಾರು ಹೋದರು ಎಂಬ ಪರಿವೆಯೇ ಅವನಿಗಿರಲಿಲ್ಲ. ಅಂದಿನಿಂದ ಚಂದಮ್ಮ ಊಟಕ್ಕೆ ಕೂತಾಗ ಬೇಳೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಒಂದ್ ಮಾತ್ ನೆನಪಿಡ್ರಿ ಚಂದಮ್ಮಾರ," ಎಂದಿದ್ದರು ವಿಶ್ವಾರಾಧ್ಯರು. ಅವರ ದನಿ ಯಾವಾಗಲೂ ನೆಗಡಿ ಬಂದವರಂತೆ ಒಡೆದಿರುತ್ತಿತ್ತು. "ಅನುಮಾನ ಬಂದ ಕಾಳು ಇಪ್ಪತ್ತೊಂದ್ ದಿನ ಬಾಟ್ಲಿಯೊಳಗ ಇಟ್ಟು ನೋಡಬೇಕು. ಅಲ್ಲೀತನಕ ಯಾವ ಕಾಳಿಗೂ ಹಸನ ಅದ ಅನ್ನಬ್ಯಾಡ್ರಿ. ಕಣ್ಣೂ ನಂಬಬ್ಯಾಡ್ರಿ, ಕೈಯೂ ನಂಬಬ್ಯಾಡ್ರಿ."

"ಆತ್ರಿ ಸಾಹೇಬ್ರ," ಎಂದಿದ್ದಳು ಚಂದಮ್ಮ. ಕೈ ನಂಬಬೇಡಿ ಎಂದದ್ದು ಅವಳಿಗೆ ಸ್ವಲ್ಪ ಚುಚ್ಚಿತು.

ಅಮವಾಸ್ಯೆಯ ಮಾರನೆಯ ದಿನ ಮಧ್ಯಾಹ್ನ ಗಡಿಯಾಚೆಯಿಂದ ಬಂದ ಟಂಟಂ ಆಟೋದಿಂದ ಸುಮಂಗಲಾ ಎಂಬ ನಡುವಯಸ್ಸಿನ ಹೆಂಗಸು ಇಳಿದಳು. ಅಫಜಲಪುರದವಳು, ತವರಿಗೆ ಹೋಗಿ ಬರುತ್ತಿದ್ದಳು. ಚೀಲದಲ್ಲಿ ಬಟ್ಟೆ ಬಿಟ್ಟರೆ ಏನೂ ಇರಲಿಲ್ಲ. ಆದರೆ ಸೀರೆಯ ಮುಂದಿನ ಮಡಿಲು ಭಾರವಾಗಿ ಗಂಟು ಬಿದ್ದಿತ್ತು. ಮಗಳು ತವರಿಂದ ಹೊರಡುವಾಗ ತಾಯಿ ಉಡಿ ತುಂಬುವುದು ನಮ್ಮ ಕಡೆ ಎಲ್ಲರ ಮನೆಯ ರೂಢಿ. ಕುಬಸದ ಖಣ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಉತ್ತತ್ತಿ, ಅದರ ಜೊತೆ ಹೊಲದಲ್ಲಿ ಬೆಳೆದ ಕಾಳು. ತೊಗರಿ ನಾಡಿನಲ್ಲಿ ಆ ಕಾಳು ತೊಗರಿಯೇ. ಅದನ್ನು ಗಂಡನ ಮನೆಯ ಬೀಜದಲ್ಲಿ ಬೆರೆಸುತ್ತಾರೆ, ತವರಿನ ಹುಲುಸು ಅಲ್ಲಿಗೂ ಬರಲಿ ಎಂದು.

"ಯಕ್ಕಾ, ಉಡಿ ಬಿಚ್ಚಬೇಕಾಗ್ತದ," ಎಂದಳು ಚಂದಮ್ಮ ಮೆಲ್ಲಗೆ.

"ನಡುದಾರ್ಯಾಗ ಉಡಿ ಬಿಚ್ಚತಾರೇನವ್ವಾ? ನಮ್ಮವ್ವಗ ಎಂಬತ್ತು ದಾಟ್ಯಾವ. ಕೈ ನಡಗಾಕತ್ತಿದ್ವು, ಆದ್ರೂ ತಾನ ತುಂಬ್ಯಾಳ. ಮುಂದಿನ ಸಲ ಇರ್ತಾಳೋ ಇಲ್ಲೋ."

"ಕಾನೂನ ಅದ. ನಾ ಏನ್ ಮಾಡ್ಲಿ ಹೇಳ್ರಿ."

ಸುಮಂಗಲಾ ಶೆಡ್ಡಿನ ಹಿಂದೆ ಹೊಗೆಯಾಡುತ್ತಿದ್ದ ಗುಂಡಿಯ ಕಡೆ ನೋಡಿದಳು. "ಅದರಾಗ ಹಾಕತೀರೇನು? ಉಡಿ ಕಾಳು ಸುಟ್ರ ತವರು ಸುಟ್ಟಂಗ."

ಉಡಿಯ ಕಾಳನ್ನು ನೆಲಕ್ಕೆ ಚೆಲ್ಲಬಾರದು, ಬೆಂಕಿಗೆ ಹಾಕಬಾರದು. ಚಂದಮ್ಮನ ಅವ್ವನೂ ಹಾಗೆಯೇ ಹೇಳಿದ್ದಳು, ಅವಳೂ ಮಗಳಿಗೆ ಹಾಗೆಯೇ ಹೇಳಿಕೊಟ್ಟಿದ್ದಳು. ಉಡಿಯ ಕಾಳಿಗೆ ಇರುವುದು ಒಂದೇ ದಾರಿ, ಒಬ್ಬಳ ಉಡಿಯಿಂದ ಇನ್ನೊಬ್ಬಳ ಉಡಿಗೆ.

"ನಿಮಗ ಹೆಣ್ಣಮಕ್ಕಳದಾರೇನು?" ಎಂದು ಕೇಳಿದಳು ಸುಮಂಗಲಾ.

"ಒಬ್ಬಾಕಿ ಇದ್ದಾಳ್ರಿ. ನಾಡಿದ್ದು ಕೂಸಿನ ಜೋಡಿ ಗಂಡನ ಮನಿಗೆ ಹೊಂಟಾಳ."

"ಹಂಗಾರ ಉಡಿ ಒಡ್ಡವ್ವಾ. ನಮ್ಮವ್ವನ ಕೈಯಿಂದ ನಿನ್ನ ಮಗಳಿಗಿರಲಿ."

ವಿಶ್ವಾರಾಧ್ಯರು ರಸ್ತೆಯ ಆಚೆ ಒಂದು ಲಾರಿಯ ಕಾಗದ ನೋಡುತ್ತಿದ್ದರು. ಚಂದಮ್ಮ ಅತ್ತ ಒಮ್ಮೆ ನೋಡಿದಳು, ಸೆರಗು ಒಡ್ಡಿದಳು. ಒಂದು ಸೇರಿನಷ್ಟು ತೊಗರಿ, ಅರಿಶಿನ ಹತ್ತಿ ಹಳದಿಯಾಗಿತ್ತು. ಪೂರ್ತಿ ಸುರಿದಾದ ಮೇಲೆ ಸುಮಂಗಲಾ ಉಡಿ ಕೊಡವಿ "ಹೆಚ್ಚಿತು" ಎಂದಳು. ಉಡಿಗೆ ಖಾಲಿ ಎಂಬ ಮಾತು ಅನ್ನಬಾರದು, ಬಳೆ ಒಡೆದರೂ ದೀಪ ಆರಿದರೂ ಹೆಚ್ಚಿತು ಎನ್ನುವಂತೆ ಇದಕ್ಕೂ ಹಾಗೆಯೇ.

ಕಾಳನ್ನು ಬುತ್ತಿ ಡಬ್ಬಿಗೆ ಹಾಕುವ ಮೊದಲು ಚಂದಮ್ಮ ಅದರಲ್ಲಿ ಕೈಯಾಡಿಸಿದಳು, ಕಣ್ಣು ಮುಚ್ಚಿ ನಿಂತಳು. ತಣ್ಣಗಿತ್ತು. ಒಂದೊಂದೂ ಗುಂಡಗೆ, ನುಣ್ಣಗೆ, ಮುತ್ತಿನಂತಹ ಕಾಳು. ಬಾಟಲಿಯಲ್ಲಿಡಬೇಕೆಂದು ಅವಳಿಗೆ ಗೊತ್ತಿತ್ತು. ಆದರೆ ಮಗಳು ಹೊರಡುವುದು ನಾಡಿದ್ದು, ಇಪ್ಪತ್ತೊಂದು ದಿನ ಯಾರು ಕಾಯಬೇಕು? ಅಲ್ಲದೆ ಕೈ ಹೇಳಿದ ಮೇಲೆ ಬಾಟಲಿ ಯಾಕೆ? ಅಯ್ಯೋ ತಾಯಿ, ಚೀಲದ ಕಾಳು ಬಿಸಿಯಾಗುತ್ತದೆ ಸರಿ, ಒಂದು ಸೇರು ಕಾಳು ಬಿಸಿಯಾದೀತೇ ಎಂದು ಅವಳು ಯೋಚಿಸಲಿಲ್ಲ. ಇಪ್ಪತ್ತೆರಡು ವರ್ಷ ಅವಳ ಕೈ ಚೀಲವನ್ನಷ್ಟೇ ಓದಿತ್ತು.

ಮೂರನೆಯ ದಿನ ಭಾಗ್ಯಜ್ಯೋತಿಯ ಉಡಿಗೆ ಆ ತೊಗರಿ ಬಿತ್ತು. ಉಡಿ ತುಂಬುವವರು ಎಲ್ಲವನ್ನೂ ಕೊಟ್ಟುಬಿಡಬಾರದು, ಒಂದು ಹಿಡಿ ತಮ್ಮಲ್ಲಿ ಉಳಿಸಿಕೊಳ್ಳಬೇಕು. ಹಾಗೆ ಉಳಿಸಿದ ಹಿಡಿಯನ್ನು ಸ್ಟೀಲಿನ ಡಬ್ಬಿಗೆ ಹಾಕಿ ದೇವರ ಜಗಲಿಯ ಮೇಲಿಟ್ಟಳು. ಆಮೇಲೆ ನಾಕಾ, ಬಿಸಿಲು, ಟಂಟಂ, ಬೈಗುಳ. ಡಬ್ಬಿಯ ನೆನಪೇ ಹೋಯಿತು.

ಇಪ್ಪತ್ತೊಂದನೆಯ ದಿನ ಸೋಮವಾರ. ಬೆಳಿಗ್ಗೆ ಜಗಲಿ ಸಾರಿಸಲು ಡಬ್ಬಿ ಎತ್ತಿದಳು. ಒಳಗಿನಿಂದ ಸರಸರ ಎಂಬ ಸಣ್ಣ ಸಪ್ಪಳ ಕೇಳಿತು. ಮೊದಲು ತನ್ನ ಬಳೆಯ ಸದ್ದೆಂದುಕೊಂಡಳು. ಕೈ ಅಲುಗದಂತೆ ಹಿಡಿದು ಕಿವಿಗೊಟ್ಟಳು. ಸಪ್ಪಳ ನಿಲ್ಲಲಿಲ್ಲ. ಮುಚ್ಚಳವನ್ನು ಕೂದಲೆಳೆಯಷ್ಟು ಸರಿಸಿ ನೋಡಿದಳು. ಕಾಳುಗಳ ಮೇಲೆಲ್ಲ ಸೂಜಿಯಿಂದ ಚುಚ್ಚಿದಂತಹ ದುಂಡು ತೂತು, ತೂತಿನಿಂದ ಬಂದ ಕರಿ ಹುಳುಗಳು ಡಬ್ಬಿಯ ಗೋಡೆ ಹತ್ತುತ್ತಿದ್ದವು. ನಾಕಾದ ಬಾಟಲಿಯಲ್ಲಿ ದಿನಾ ನೋಡುವ ಅದೇ ಹುಳು, ಬೆನ್ನ ಮೇಲೆ ಅದೇ ಬಿಳಿ ಗೆರೆ.

ಅವಳು ಮುಚ್ಚಳ ಒತ್ತಿ ಹಿಡಿದು ಹಾಗೆಯೇ ನೆಲಕ್ಕೆ ಕೂತುಬಿಟ್ಟಳು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಮಾತನ್ನು ಎಷ್ಟು ಜನರಿಗೆ ಅವಳೇ ಅಂದಿಲ್ಲ! ಕಣ್ಣ ಮುಂದೆ ಬಂದದ್ದು ಆ ಬೂದಿಯ ಗುಡ್ಡೆ, ಅದರ ಮುಂದೆ ಕೂತ ಮುದುಕ. ಮುದುಕನ ಜಾಗದಲ್ಲಿ ಬೀಗ ದೇವೀಂದ್ರಪ್ಪನ ಮುಖ ಕಂಡಿತು.

ಡಬ್ಬಿಯನ್ನು ಮುಚ್ಚಳ ಸಮೇತ ಕುದಿಯುವ ನೀರಿಗೆ ಮುಳುಗಿಸಿದಳು. ಅರ್ಧ ಗಂಟೆ ಕುದಿಸಿದಳು, ಸಾಲದೆಂದು ಮತ್ತರ್ಧ ಗಂಟೆ ಕುದಿಸಿದಳು. ಜಗಲಿಯನ್ನು ಸೀಮೆಎಣ್ಣೆ ಹಾಕಿ ಒರೆಸಿದಳು. ಜಗದೇವ ಗೋಡೆ ಹಿಡಿದುಕೊಂಡು ಬಂದು ನಿಂತ. ಅವನಿಗೆ ಯಾವುದನ್ನೂ ಬಿಡಿಸಿ ಹೇಳಬೇಕಾಗಲಿಲ್ಲ.

"ಸಾಹೇಬಗ ಫೋನ್ ಹಚ್ಚು," ಎಂದ.

"ಹಚ್ಚಿದ್ರ ಪೊಲೀಸ್ರು ಜೀಪ್ ತಗೊಂಡು ಸೀದಾ ಇಜೇರಿಗೇ ಹೋಗ್ತಾರ. ಊರ ಮುಂದ ನನ್ನ ಮಗಳ ಉಡಿ ಬಿಚ್ಚಸ್ತಾರ. ಮದಲ ನಾ ಹೋಗಿ ಬರ್ತೇನಿ. ಅವರ ಮನ್ಯಾಗ ಉಡಿ ಗಂಟು ಮುಂದಿನ ಅಮಾಸಿತನಕ ತೊಟ್ಟಿಲ ಮ್ಯಾಲಿನ ಗೂಟಕ್ಕ ಕಟ್ಟಿರ್ತಾರ. ಅಮಾಸಿ ಇನ್ನ ಆರೇಳ್ ದಿನ ಅದ. ಬಿಚ್ಚಿರಲಿಕ್ಕಿಲ್ಲ. ತಂದು ಸುಟ್ಟಬಿಡ್ತೇನಿ. ಯಾರಿಗೂ ಗೊತ್ತಾಗಾದು ಬ್ಯಾಡ."

"ಬಿಚ್ಚಿದ್ದರ?"

ಚಂದಮ್ಮ ಮೈತೊಳೆದು, ಬಿಸಿನೀರಿನಲ್ಲಿ ಅದ್ದಿ ಒಣಗಿಸಿದ ಸೀರೆ ಉಟ್ಟು, ಸೆರಗಿನ ಅಂಚು, ನಿರಿಗೆ, ಜಂಪರಿನ ಹೊಲಿಗೆ ಎಲ್ಲವನ್ನೂ ಬೆರಳಿನಿಂದ ತಡವಿ ನೋಡಿದಳು. ಚೀಲ ಒಯ್ಯಲಿಲ್ಲ. ಮಗಳ ಮನೆಗೆ ಬರಿಗೈಯಲ್ಲಿ ಹೊರಟದ್ದು ಅದೇ ಮೊದಲು.

ಕಲಬುರಗಿಯಲ್ಲಿ ಬಸ್ಸು ಬದಲಿಸಿ ಜೇವರ್ಗಿಯ ಬಸ್ಸು ಹತ್ತಿದರೆ ಕಾಲ ಬುಡದಲ್ಲಿ ಯಾರದೋ ತೊಗರಿ ಬೀಜದ ಚೀಲ. ಚಂದಮ್ಮ ಕಾಲು ಮೇಲೆತ್ತಿ ಮಡಚಿ ಕೂತಳು. ತನ್ನ ಮೈಯಿಂದ ಏನಾದರೂ ಇಳಿದು ಅದರೊಳಗೆ ಹೋದೀತೆಂಬ ಭಯಕ್ಕೆ ಸೀರೆಯನ್ನು ಮೈಗೆ ಬಿಗಿದುಕೊಂಡಳು. ಅಫಜಲಪುರದ ಕಡೆ ಯಾವುದೋ ಗೋದಾಮಿಗೆ ಸೀಲ್ ಹಾಕಿದ್ದಾರಂತೆ, ಮನೆಮನೆಗೂ ಔಷಧಿ ಹೊಡೆಯುತ್ತಿದ್ದಾರಂತೆ ಎಂದು ಹಿಂದಿನ ಸೀಟಿನವರು ಮಾತಾಡುತ್ತಿದ್ದರು. "ಯಾರೋ ಉಡಾಳ್ರು ಕದ್ದು ತಂದಿರಬೇಕ ನೋಡ್ರಿ," ಎಂದ ಒಬ್ಬ. "ಅಂಥವರ್ನ ಮದಲ ಒದಿಬೇಕು." ಚಂದಮ್ಮ ಕಿಟಕಿಯ ಕಡೆ ತಿರುಗಿದಳು. ಜೇವರ್ಗಿ ದಾಟಿದ ಮೇಲೆ ಎರಡೂ ಬದಿ ಹರಗಿ ಹದ ಮಾಡಿದ ಕರಿ ಹೊಲಗಳು, ಮುಂಗಾರಿನ ಮಿರಗದ ಮಳೆಗೆ ಬಾಯ್ತೆರೆದು ಕೂತಿದ್ದವು. ಇನ್ನು ಹದಿನೈದು ದಿನಕ್ಕೆ ಬಿತ್ತನೆ. ಬಿತ್ತಿದ ಮೇಲೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ.

ಇಜೇರಿಯ ಮನೆಯ ಪಡಸಾಲೆಗೆ ಕಾಲಿಟ್ಟವಳೇ ತೊಟ್ಟಿಲ ಮೇಲಿನ ಗೂಟ ನೋಡಿದಳು. ಗೂಟಕ್ಕೆ ಕೂಸಿನ ಕುಂಚಿಗೆ ಬಿಟ್ಟರೆ ಬೇರೇನೂ ಇರಲಿಲ್ಲ.

ಬೀಗತಿ ಶಾರದಾಬಾಯಿ ಒಳಗಿನಿಂದ ನಗುತ್ತ ಬಂದಳು. ಚಂದಮ್ಮನ ಬರಿಗೈ ನೋಡಿದರೂ ನೋಡದವಳಂತೆ ನೀರು ಕೊಟ್ಟಳು. "ಏನ್ರಿ ಬೀಗತಿ, ಮೊಮ್ಮಗಳ ನೆನಪು ಜಲ್ದಿ ಬಂತು?"

"ಉಡಿ ಗಂಟು ಎಲ್ಲದ ಬೀಗತಿ?"

"ಅಯ್ಯ, ಅದಾ? ಅಮಾಸಿತನಕ ತಡೀಲಿಲ್ಲ ನೋಡ್ರಿ ನನಗ. ನಾಕ್ ವರ್ಷ ಈ ಓಣಿ ಮಂದಿ ಬಾಯಿಗೆ ನನ್ನ ಸೊಸಿ ಸಿಕ್ಕಿದ್ಲು. ಅದಕ್ಕ ಸೊಸಿ ತಂದ ಕಾಳು ಒಂದೊಂದು ಹಿಡಿ ಓಣಿ ತುಂಬ ಹಂಚೇನಿ. ಬೀಜದಾಗ ಬೆರಸಿ ಇಟ್ಕೋರಿ, ನನ್ನ ಸೊಸಿ ತವರಿನ ಹುಲುಸು ಅಂದೇನಿ. ಹನ್ನೊಂದ್ ಮನಿ. ಉಳಿದದ್ದು ನಮ್ಮ ಬೀಜದ ಗಡಗ್ಯಾಗ ಹಾಕೇನಿ."

ಹನ್ನೊಂದು ಮನೆ ಎಂಬುದು ಕಿವಿಗೆ ಬಿದ್ದಾಗ ಚಂದಮ್ಮ ನೀರಿನ ತಂಬಿಗೆ ಕೆಳಗಿಟ್ಟಳು. "ಗಡಗಿ ತೋರಸ್ರಿ," ಎಂದಳು.

ಒಳಕೋಣೆಯ ಮೂಲೆಯಲ್ಲಿ ಎದೆಮಟ್ಟದ ಗಡಿಗೆ. ಚಂದಮ್ಮ ತೋಳು ಇಳಿಸಿದಳು. ತಣ್ಣಗಿತ್ತು. ಅಂದು ನಾಕಾದಲ್ಲಿ ಇದ್ದಷ್ಟೇ ತಣ್ಣಗೆ. ಈ ಸಲ ಅವಳು ಕೈಯನ್ನು ನಂಬಲಿಲ್ಲ. ಮಗಳಿಂದ ಕೂಸಿನ ಬಿಳಿ ಅರಿವೆ ಇಸಿದುಕೊಂಡು, ಒಂದು ಬೊಗಸೆ ಬೀಜವನ್ನು ಅದರ ಮೇಲೆ ಹರವಿ, ಅಂಗಳದ ಬಿಸಿಲಿಗೆ ತಂದು ಮೂಗು ತಾಗುವಷ್ಟು ಬಗ್ಗಿ ಕೂತಳು. ಒಂದೊಂದೇ ಕಾಳನ್ನು ಬೆರಳ ತುದಿಯಿಂದ ಸರಿಸಿದಳು. ಐವತ್ತು, ಅರವತ್ತು, ಏನೂ ಇಲ್ಲ. ಜೀವ ತುಸು ಹಗುರಾಗುವಷ್ಟರಲ್ಲಿ ಹಳದಿ ಹತ್ತಿದ ಒಂದು ಕಾಳು ತಾನಾಗಿಯೇ ಅಲುಗಿತು. ಸಿಪ್ಪೆಯ ದುಂಡನೆಯ ಮುಚ್ಚಳ ತಳ್ಳಿಕೊಂಡು ಒಂದು ಕರಿ ತಲೆ ಹೊರಗೆ ಬಂತು. ಹುಳು ಬಿಳಿ ಅರಿವೆಯ ಮೇಲೆ ಎರಡು ಹೆಜ್ಜೆ ನಡೆದು ರೆಕ್ಕೆ ಬಿಚ್ಚಿತು. ಚಂದಮ್ಮ ಅದರ ಮೇಲೆ ಅಂಗೈ ಒತ್ತಿದಳು, ಎಷ್ಟೋ ಹೊತ್ತು ತೆಗೆಯಲೇ ಇಲ್ಲ.

ಭಾಗ್ಯಜ್ಯೋತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾಕಾದವಳ ಮಗಳು, ಅವಳಿಗೆ ಅರ್ಥವಾಯಿತು. ಅವ್ವನ ತೋಳು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಯಾರಿಗೂ ಹೇಳಬ್ಯಾಡ ಅವ್ವಾ. ನಿನ್ನ ಕಾಲ ಬೀಳ್ತೇನಿ."

"ಹನ್ನೊಂದ್ ಮನಿ ಬೀಜದಾಗ ಹೋಗ್ಯಾದಲೇ."

"ನಾನ ಮನಿಮನಿಗೆ ಹೋಗಿ ಏನಾರ ನೆವ ಹೇಳಿ ಇಸಗೊಂಡ ಬರ್ತೇನಿ."

"ಹಿಡಿ ಕಾಳು ಎರಡು ಚೀಲ ಬೀಜದಾಗ ಕಲತ ಮ್ಯಾಲ ಹೆಂಗ ಆರಿಸಿ ತರ್ತಿ?"

ಭಾಗ್ಯಜ್ಯೋತಿಯ ದನಿ ಇಳಿಯಿತು. "ನಾಕ್ ವರ್ಷ ಬಂಜಿ ಅಂದ್ರು, ಸಹಿಸಗೊಂಡೆ. ಈಗ ಈಗ ಮುಖಾ ಎತ್ತಿ ಅಡ್ಡಾಡಾಕತ್ತೇನಿ. ಇಕಿ ತವರಿನ ಉಡಿ ಊರನ್ನ ತಿಂತು ಅಂತ ನಾಳೆ ನನ್ನ ಮಗಳಿಗೂ ಅಂತಾರ. ನೀ ಆಳಂದಕ್ಕ ಹೋಗ್ತಿ. ನಾ ಇಲ್ಲೇ ಬಾಳೇವ ಮಾಡಬೇಕು."

ಮಗಳ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ. ಚಂದಮ್ಮ ಹಿತ್ತಲ ಗೋಡೆಗೆ ಒರಗಿ ನಿಂತಳು. ಸುಮ್ಮನಿದ್ದರೆ ಹದಿನೈದು ದಿನಕ್ಕೆ ಬಿತ್ತನೆ, ಮೂರು ತಿಂಗಳಿಗೆ ಹೂವು, ಆಮೇಲೆ ಕಾಯಿ. ಯಾರ ಹೊಲದಿಂದ ಬಂತೆಂದು ಯಾರಿಗೂ ತಿಳಿಯುವುದಿಲ್ಲ. ಇಜೇರಿ, ಅಲ್ಲಿಂದ ಯಡ್ರಾಮಿ, ಅಲ್ಲಿಂದ ಇಡೀ ಜೇವರ್ಗಿ ಸೀಮೆ. ಎಲ್ಲರ ಕಣಜದಲ್ಲೂ ಸಿಪ್ಪೆ. ಹೇಳಿದರೆ ಒಬ್ಬಳೇ ಮಗಳು ಈ ಊರಿನಲ್ಲಿ ಸಾಯುವತನಕ ತಲೆ ತಗ್ಗಿಸಬೇಕು. ಎರಡು ಸಲ ಫೋನು ತೆಗೆದು ಎರಡು ಸಲವೂ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೂರನೆಯ ಸಲ ಹಚ್ಚಿದಳು.

"ಸಾಹೇಬ್ರ, ಇಜೇರಿಯೊಳಗ ಪರದೇಶಿ ಹುಳ ಅದ. ನಾ ಕಣ್ಣಾರೆ ನೋಡೇನಿ. ತಂದಾಕೀನೂ ನಾನಽ."

ಆ ಕಡೆಯಿಂದ ವಿಶ್ವಾರಾಧ್ಯರ ಒಡೆದ ದನಿ ಬಂತು. "ಯಾರ ಮನಿ ಬೀಜಾನೂ ಹೊರಗ ಹೋಗದಂಗ ನೋಡಕೋರಿ. ನೀವೂ ಊರ ಬಿಡಬ್ಯಾಡ್ರಿ. ಬರಾಕತ್ತೇವಿ."

ಭಾಗ್ಯಜ್ಯೋತಿ ಅಳಲಿಲ್ಲ. ಕೂಸನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಸುದ್ದಿ ಓಣಿಗೆ ತಿಳಿಯಲು ಎಷ್ಟು ಹೊತ್ತು ಬೇಕು? ಜನ ಅಂಗಳದಲ್ಲಿ ತುಂಬಿಕೊಂಡರು. ಹೊಲದಿಂದ ಬಂದ ಬೀಗ ದೇವೀಂದ್ರಪ್ಪ ಬೆವರನ್ನೂ ಒರೆಸಿಕೊಳ್ಳದೆ ನಿಂತು ಕೇಳಿದ. ಅವನು ದನಿ ಏರಿಸಲಿಲ್ಲ, ಅದೇ ಚಂದಮ್ಮನಿಗೆ ಹೆಚ್ಚು ಹೆದರಿಕೆ ತಂದಿತು. "ಬೀಗತಿ, ಊರ ಕಾಯಾಕ ನಾಕಾದಾಗ ಕುಂತಾಕಿ ನೀವು. ನಮ್ಮಪ್ಪನ ಕಾಲದಿಂದ ಕಾದ ಬೀಜ ಅದು. ಸುಡ್ತಾರೇನ್ರಿ ಅದನ್ನ?"

"ಸುಡ್ತಾರ್ರಿ."

"ಮತ್ತ ನಮಗ್ಯಾಕ ಹೇಳಿದ್ರಿ? ಸುಮ್ಮನ ಇದ್ದಿದ್ರ ನಡೀತಿತ್ತಲ್ಲ," ಎಂದ ಹಿಂದಿನಿಂದ ಒಬ್ಬ. ಇನ್ನೊಬ್ಬ ಕಲ್ಲು ಎತ್ತಿಕೊಂಡಿದ್ದ. ಶಾರದಾಬಾಯಿ ಹೊಸ್ತಿಲಲ್ಲಿ ಕುಸಿದು ಕೂತಿದ್ದಳು. ಹನ್ನೊಂದು ಮನೆಗೆ ಹಂಚಿದ ಕೈಯನ್ನು ತೊಡೆಯ ಕೆಳಗೆ ಅಡಗಿಸಿಕೊಂಡಿದ್ದಳು.

ಚಂದಮ್ಮ ಬಿಳಿ ಅರಿವೆ ಬಿಡಿಸಿ, ಅದಕ್ಕೆ ಅಂಟಿದ್ದ ಹುಳುವನ್ನು ಎಲ್ಲರಿಗೂ ತೋರಿಸಿದಳು. ಗಡಿಯಾಚೆಯ ಊರಿನ ಕಣಜದಲ್ಲಿ ಕೈಯಿಟ್ಟಾಗ ಏನು ಸಿಕ್ಕಿತೆಂದು ಹೇಳಿದಳು. ಬೂದಿಯ ಮುಂದೆ ಕೂತ ಮುದುಕನ ಬಗ್ಗೆ ಹೇಳಿದಳು. ಆಗ ಎದುರುಮನೆಯ ಮುದುಕಿ ಪ್ಯಾರಿಬಿ ತನ್ನ ಬೀಜದ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಬಂದು ಅಂಗಳದ ನಡುವೆ ಇಳಿಸಿದಳು.

"ನನ್ನದು ಮದಲ ನೋಡವ್ವಾ," ಎಂದಳು. "ನನ್ನ ನಸೀಬದಾಗ ಏನದ ಅನ್ನೋದು ಗೊತ್ತಾಗಲಿ."

ಅದರಲ್ಲಿ ಮೂರು ಹುಳು ಸಿಕ್ಕವು. ಕಲ್ಲು ಹಿಡಿದವನು ಕಲ್ಲು ಕೆಳಗೆ ಹಾಕಿ ತನ್ನ ಮನೆಯ ಗಡಿಗೆ ನೋಡಲು ಓಡಿದ.

ಮಾರನೆಯ ದಿನ ಜೀಪುಗಳು ಬಂದವು. ಹನ್ನೊಂದು ಮನೆಗಳಲ್ಲಿ ಏಳರಲ್ಲಿ ಹುಳು ಸಿಕ್ಕಿತು. ಓಣಿಯ ಬೀಜವನ್ನೆಲ್ಲ ಗುಂಡಿಗೆ ಹಾಕಿ ಸುಟ್ಟರು. ಸುಟ್ಟ ತೊಗರಿಯ ವಾಸನೆ ನಮ್ಮ ಜನಕ್ಕೆ ಹಸಿವಿನ ವಾಸನೆ, ಅಂದು ಯಾರೂ ಉಣ್ಣಲಿಲ್ಲ. ಬೀಜ ಸರಕಾರ ಕೊಡುತ್ತದೆ ಎಂದರು. ಮನೆಗಳಿಗೆ ತಾಡಪತ್ರಿ ಹೊದಿಸಿ ಗ್ಯಾಸು ಬಿಡಬೇಕು, ಎಂಟು ದಿನ ಒಳಗೆ ಯಾರೂ ಇರುವಂತಿಲ್ಲ ಎಂದರು. ಊರ ಬಾಗಿಲಿಗೆ ಬಿದಿರಿನ ಗಳ ಬಿತ್ತು, ಊರು ಬಿಟ್ಟು ಹೊರಡುವವರು ಅಲ್ಲಿ ಗಂಟು ತೋರಿಸಿಯೇ ಹೋಗಬೇಕು.

ವಿಶ್ವಾರಾಧ್ಯರು ಚಂದಮ್ಮನ ಮುಖ ನೋಡದೆ ಹೇಳಿದರು. "ಗಡಿ ನಾಕಾದ ಕೆಲಸ ಹೋತು ಅಂತ ತಿಳ್ಕೋರಿ. ನಡದದ್ದು ಲಿಖಿತ ಬರದು ಕೊಡಬೇಕಾಗ್ತದ. ವಿಚಾರಣಿ ಮುಗಿಯೂತನಕ, ಇನ್ನ ಇಪ್ಪತ್ತೊಂದ್ ದಿನ ನೀವು ಇಲ್ಲಿಂದ ಹೊರಗ ಹೋಗಂಗಿಲ್ಲ."

"ಹೋಗೂದಿಲ್ರಿ. ಇಲ್ಲಿ ಹೆಂಗಸರ ಗಂಟು ಯಾರ ನೋಡ್ತಾರ?"

"ಯಾರೂ ಬರವಲ್ರು. ಎಲ್ಲಾರಿಗೂ ಅಂಜಿಕಿ."

"ನಾ ನೋಡ್ತೇನಿ. ಪಗಾರ ಬ್ಯಾಡ."

ಹಾಗಾಗಿ ಮೂರನೆಯ ದಿನ ಬೆಳಿಗ್ಗೆ ಇಜೇರಿಯ ಹೆಂಗಸರು ಬೇರೆ ಊರಿನ ಸಂಬಂಧಿಕರ ಮನೆಗಳಿಗೆ ಹೊರಟಾಗ ಗಳದ ಹತ್ತಿರ ಕೂತಿದ್ದವಳು ಚಂದಮ್ಮ. ಒಬ್ಬೊಬ್ಬರ ಗಂಟನ್ನೂ ಬಿಚ್ಚಿ, ಅರಿವೆ ಕೊಡವಿ, ಸೀರೆಯ ಅಂಚು ತಡವಿ ಬಿಡುತ್ತಿದ್ದಳು. ಪಕ್ಕದಲ್ಲಿ ಒಬ್ಬ ಗುಮಾಸ್ತ ಖುರ್ಚಿ ಹಾಕಿಕೊಂಡು ಬರೆಯುತ್ತಿದ್ದ. ಅವನ ಕಾಗದದಲ್ಲಿ ಎರಡೇ ಮಾತು, ಕಾಳು ಇದೆ ಅಥವಾ ಖಾಲಿ. ಒಬ್ಬ ಹೆಂಗಸು ಚಂದಮ್ಮನ ಕೈ ತನ್ನ ಸೀರೆಗೆ ತಾಗಿದ ಕಡೆ ಉಗುಳು ಹಚ್ಚಿ ಒರೆಸಿಕೊಂಡಳು.

ಸಾಲಿನ ಕೊನೆಗೆ ಭಾಗ್ಯಜ್ಯೋತಿ ಬಂದಳು. ಯಡ್ರಾಮಿಯಲ್ಲಿರುವ ನಾದಿನಿಯ ಮನೆಗೆ ಹೊರಟಿದ್ದಳು. ಮೂರು ದಿನದಿಂದ ಅವ್ವನ ಜೊತೆ ಒಂದು ಮಾತೂ ಆಡಿರಲಿಲ್ಲ. ಚೀಲ ಕೆಳಗಿಟ್ಟಳು. ಚಂದಮ್ಮ ಕೂಸಿನ ಒಂದೊಂದೇ ಅರಿವೆ ತೆಗೆದು ಕೊಡವಿದಳು, ಕುಂಚಿಗೆಯ ಹೊಲಿಗೆ ಬಿಸಿಲಿಗೆ ಹಿಡಿದು ನೋಡಿದಳು.

"ಉಡಿ," ಎಂದಳು ಕಡೆಗೆ.

ಭಾಗ್ಯಜ್ಯೋತಿ ಕೂಸನ್ನು ಪ್ಯಾರಿಬಿಯ ಕೈಗೆ ಕೊಟ್ಟು, ಸೀರೆಯ ಮಡಿಲನ್ನು ಎರಡೂ ಕೈಯಲ್ಲಿ ಹಿಡಿದು ಅವ್ವನ ಮುಂದೆ ಒಡ್ಡಿದಳು. ಇಪ್ಪತ್ತೆರಡು ದಿನದ ಹಿಂದೆ ಆಳಂದದ ಮನೆಯಲ್ಲಿ ಒಡ್ಡಿದ್ದಳಲ್ಲ, ಹಾಗೆಯೇ. ಅದೇ ಸೀರೆ. ಅರಿಶಿನದ ಕಲೆ ಇನ್ನೂ ಹೋಗಿರಲಿಲ್ಲ. ಚಂದಮ್ಮ ಆ ಮಡಿಲೊಳಗೆ ಕೈ ಇಳಿಸಿ, ಮಡಿಕೆ ಮಡಿಕೆ ತಡವಿದಳು. ಅವಳ ಎಡಗೈ ತಾನಾಗಿಯೇ ತನ್ನ ಸೊಂಟದ ಕಡೆ ಹೋಯಿತು, ಮಗಳು ಹೊರಟಾಗ ಏನಾದರೂ ಹಾಕುವ ರೂಢಿಯ ಕೈ. ಅಲ್ಲಿ ಏನೂ ಇರಲಿಲ್ಲ, ಇದ್ದರೂ ಹಾಕುವಂತಿರಲಿಲ್ಲ.

"ನಿನ್ನ ಕೈ ಏನ್ ಹೇಳ್ತದ ಅವ್ವಾ?" ಎಂದಳು ಭಾಗ್ಯಜ್ಯೋತಿ ಮೆಲ್ಲಗೆ.

"ಕೈ ಮಾತು ಕೇಳಬ್ಯಾಡ. ಅಲ್ಲಿ ಹೋದ ಮ್ಯಾಲ ಇಪ್ಪತ್ತೊಂದ್ ದಿನ ದಿನಾ ನೋಡು. ಏನಾರ ಹರದಾಡಿದ್ರ ಯಾರ ಮುಖಾನೂ ನೋಡಬ್ಯಾಡ, ಫೋನ್ ಹಚ್ಚು."

ಗುಮಾಸ್ತ ಪೆನ್ನು ಹಿಡಿದು ಕಾಯುತ್ತಿದ್ದ. "ಏನ್ ಬರೀಲಿ? ಬಾಯಿಬಿಟ್ಟ ಹೇಳ್ರಿ."

ಮಗಳು ಇನ್ನೂ ಉಡಿ ಒಡ್ಡಿಯೇ ನಿಂತಿದ್ದಳು. ಚಂದಮ್ಮ ಅವಳ ಮುಖ ನೋಡಿ, ಯಾವ ತಾಯಿಯೂ ಆಡದ ಮಾತನ್ನು ಗುಮಾಸ್ತನಿಗೆ ಕೇಳುವಷ್ಟು ಗಟ್ಟಿಯಾಗಿ ಆಡಿದಳು.

"ಖಾಲಿ ಅದ, ಬಿಡ್ರಿ."